ವಾಪಸ್ ಹೋಗುವ ನೀರಿನ ಲೆಕ್ಕ

ಡೆನ್ಮಾರ್ಕಿಗೆ ಬಂದ ಮೊದಲ ಚಳಿಗಾಲ. ಮನೆ ಬೆಚ್ಚಗಿಡುವ ಬಿಲ್ಲಿನಲ್ಲಿ ಹೆಚ್ಚುವರಿ ಶುಲ್ಕ ಕಂಡು ತಬ್ಬಿಬ್ಬಾದೆ. ಶಾಖ ಜಾಸ್ತಿ ಬಳಸಿದ್ದಕ್ಕಲ್ಲ, ನೀರನ್ನು ಸಾಕಷ್ಟು ತಣಿಸದೆ ವಾಪಸ್ ಕಳಿಸಿದ್ದಕ್ಕೆ!

ಇಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮನೆಗಳಿಗೆ ಶಾಖ ಬರುವುದು ನೆಲದಡಿಯ ಕೊಳವೆಯಲ್ಲಿ, ಬಿಸಿನೀರಾಗಿ. ವಿದ್ಯುತ್ ಸ್ಥಾವರದಲ್ಲಿ, ಕಸ ಸುಡುವ ಘಟಕದಲ್ಲಿ ಮಿಕ್ಕ ಶಾಖವೆಲ್ಲ ಅದಕ್ಕೇ. 1973ರ ತೈಲ ಬಿಕ್ಕಟ್ಟಿನಲ್ಲಿ ಕೈಸುಟ್ಟುಕೊಂಡವರು 1979ರಲ್ಲಿ ಶಾಖ ಪೂರೈಕೆಗೇ ಕಾಯ್ದೆ ಮಾಡಿದರು. ನೀರು 70 ಡಿಗ್ರಿಯಲ್ಲಿ ಬಂದರೆ 40ರ ಆಸುಪಾಸಿಗೆ ಮರಳಬೇಕು. 55ಕ್ಕೆ ಮರಳಿತೋ, ಅಷ್ಟೇ ಶಾಖಕ್ಕೆ ಎರಡು ಪಟ್ಟು ನೀರು ಪಂಪ್ ಮಾಡಬೇಕು. ದಾರಿಯಲ್ಲಿ ಮಣ್ಣಿಗೆ ಹೋಗುವ ಶಾಖ ಬೇರೆ. ಸ್ಥಾವರದ ಹೊಗೆಯಲ್ಲಿರುವ ಆವಿಯನ್ನು ನೀರಾಗಿಸಿ ಕೊನೆಯ ಶಾಖವನ್ನೂ ಹಿಂಡಿಕೊಳ್ಳಲು ಮರಳುವ ನೀರು ತಣ್ಣಗಿದ್ದಷ್ಟೂ ಒಳ್ಳೆಯದು. ನನ್ನ ತಪ್ಪು ಇಷ್ಟೇ: ಉಳಿತಾಯವೆಂದುಕೊಂಡು ಕೋಣೆ ಬೆಚ್ಚಗಿಡುವ ರೇಡಿಯೇಟರುಗಳಲ್ಲಿ ಒಂದನ್ನೇ ಪೂರ್ತಿ ತಿರುಗಿಸಿ, ಉಳಿದವನ್ನು ಮುಚ್ಚಿಟ್ಟಿದ್ದೆ. ಅದರಲ್ಲಿ ನೀರು ತಣಿಯುವ ಮೊದಲೇ ರಭಸದಿಂದ ಹಾದುಹೋಗುತ್ತಿತ್ತು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ತೆರೆದ ಮೇಲೆ ಶುಲ್ಕ ನಿಂತಿತು.

ಬೆಂಗಳೂರಿನಲ್ಲಿ ಅಣ್ಣನ ಮನೆಯ ತಾರಸಿ ಮೇಲೆ ನೀರು ಕಾಯಿಸುವ ಸೋಲಾರ್ ಇದೆ. ಬಿಸಿಯಾದ ನೀರು ಹಗುರಾಗಿ ತಾನೇ ಟ್ಯಾಂಕಿಗೆ ಏರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಇಲ್ಲಿನ ಸಹೋದ್ಯೋಗಿಗೆ ಹೇಳಿದರೆ ಹೊಟ್ಟೆಕಿಚ್ಚು ಪಟ್ಟ. ಅವನ ಊರಲ್ಲಿ ಹಾಗೆ ಬಿಟ್ಟರೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ. ಆದರೆ ಅಣ್ಣನ ಮನೆಯಲ್ಲಿ ಕೆಳಗಿನ ಬಚ್ಚಲಿಗೆ ಬಿಸಿನೀರು ಇಳಿಯುವಷ್ಟರಲ್ಲಿ ದಿನವೂ ಎರಡು ಬಕೆಟ್ ತಣ್ಣೀರು ಮೋರಿ ಸೇರುತ್ತದೆ. ಕಾವೇರಿ ನೀರು, ಅಷ್ಟು ದೂರದಿಂದ ಮೇಲೆತ್ತಿ ತಂದದ್ದು! ಸೋಲಾರ್ ಹಾಕಿಸಿದವರಿಗೆ ವಿದ್ಯುತ್ ಬಿಲ್ಲಿನಲ್ಲಿ ರಿಯಾಯಿತಿ ಕೊಡುತ್ತ ಬಂದವರು ಕೊಳವೆಗೆ ಹೊದಿಕೆ ಸುತ್ತಿದ್ದೀರಾ, ಅದರಲ್ಲಿ ನಿಂತ ನೀರನ್ನು ಟ್ಯಾಂಕಿಗೆ ಮರಳಿಸುವ ದಾರಿ ಇದೆಯಾ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಡೆನ್ಮಾರ್ಕಿನ ಕೊಳವೆ ಜಾಲ ಬೆಂಗಳೂರಿಗೆ ಬೇಡ. ಕೊಳವೆಯ ಆ ತುದಿಯನ್ನೂ ಲೆಕ್ಕಕ್ಕೆ ಹಿಡಿಯುವ ಅವರ ಜಿಪುಣತನ ಬೇಕು.

ಅದೇನು ನಮಗೆ ಹೊಸದಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ಶುರುವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಒಲೆಯಲ್ಲಿ ಹೊಗೆ ಹೊರಗೆ ಹೋಗುವ ಮೊದಲು ಮೂರನೇ ಪಾತ್ರೆಗೂ ಕಾವು ಕೊಡಬೇಕಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಮನೆ ಬಚ್ಚಲಲ್ಲಂತೂ ಕಟ್ಟುನಿಟ್ಟು: ಸ್ನಾನ ಮುಗಿಸಿದವರು ಖಾಲಿಯಾದಷ್ಟು ತಣ್ಣೀರನ್ನು ಹಂಡೆಗೆ ತುಂಬಿಯೇ ಬರಬೇಕು. ಕೆಳಗಿನ ಕೆಂಡ ದಂಡವಾಗಬಾರದು. ಮರೆತವರನ್ನು ಅಜ್ಜಿ ಒದ್ದೆ ತಲೆಯಲ್ಲೇ ವಾಪಸ್ ಕಳಿಸುತ್ತಿದ್ದರು.