ದೊಡ್ಡವರಿಗೆ ಫಿಲ್ಟರ್ ತೆಗೆದುಕೊಡಬೇಕು
ಗ್ರಂಥಾಲಯದ ಕಂಪ್ಯೂಟರ್‌ಗಳಲ್ಲಿ ಎಲ್ಲರಿಗೂ ಒಂದೇ ಫಿಲ್ಟರ್ (ಅಶ್ಲೀಲ ತಾಣಗಳನ್ನು ತಡೆಯುವ ಸಾಫ್ಟ್‌ವೇರ್) ಇರಲಿ, ಅಮೆರಿಕದಲ್ಲೂ ಹಾಗೇ ಇದೆ ಎಂದು ಈ ವಿಷಯದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಇದು ಅರ್ಧ ಮಾತ್ರ ನಿಜ. ಫಿಲ್ಟರ್ ಕಡ್ಡಾಯ ಮಾಡುವ ಅಲ್ಲಿನ 2000ದ ಕಾನೂನು ಕೇಂದ್ರ ಸರ್ಕಾರದ ಇಂಟರ್ನೆಟ್ ನೆರವು ಪಡೆಯುವ ಗ್ರಂಥಾಲಯಗಳಿಗೆ ಮಾತ್ರ. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಾಗಲೂ, ದೊಡ್ಡವರು ಕೇಳಿದರೆ ಫಿಲ್ಟರ್ ತೆಗೆಯಬಹುದು ಎಂಬ ಅಂಶವೇ ಮುಖ್ಯವಾಗಿತ್ತು. ಆ ದಾರಿ ಮುಚ್ಚಿದರೆ ಸ್ತನ ಕ್ಯಾನ್ಸರ್, ಗರ್ಭನಿರೋಧಕದ ಬಗ್ಗೆ ಹುಡುಕುವವರಿಗೂ ತಡೆ ಬೀಳುತ್ತದೆ. ಬರೀ ಪದ ನೋಡಿ ತಡೆಯುವ ಸಾಫ್ಟ್‌ವೇರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮನೆಯಲ್ಲಿ ನೆಟ್ ಇಲ್ಲದವರಿಗೆ ಇರುವುದು ಆ ಕಂಪ್ಯೂಟರ್ ಒಂದೇ, ಅಲ್ವಾ? ಫಿಲ್ಟರ್ ತೆಗೆಸಲು ನಾಲ್ಕು ಜನರ ಎದುರು ಕೌಂಟರ್‌ನಲ್ಲಿ ನಿಂತು ಏನು ನೋಡಬೇಕು ಎಂದು ವಿವರಿಸುವುದು ಹೆಣ್ಣುಮಕ್ಕಳಿಗೆ ಎಷ್ಟು ಕಷ್ಟ! ಮಕ್ಕಳ ವಿಭಾಗಕ್ಕೆ ಫಿಲ್ಟರ್ ಖಂಡಿತ ಬೇಕು. ದೊಡ್ಡವರಿಗೆ ಮಾತ್ರ ಕಾರಣ ಕೇಳದೆ ತೆಗೆದುಕೊಡಿ.