ಸತ್ಯಾಂಶ: ಸೋರುವ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಮದ್ದಲ್ಲ

"ಸ್ನಾನದ ನೀರು ನಿಂತು ಮಗುವಿನ ಕಿವಿ ಸೋರುತ್ತದೆ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಿ" ಎಂಬ ಸಂದೇಶ ಮುಂಬಯಿ ಭಾಗದ ಡೊಂಬಿವಲಿ, ಮಾಟುಂಗದ ಕನ್ನಡ ಬಳಗಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಕಿವಿತಮಟೆ ಸರಿಯಿದ್ದರೆ ಹೊರಗಿನ ನೀರು ಅದರ ಹಿಂದಿರುವ ನಡುಗಿವಿಯನ್ನು ತಲುಪದು. ನೆಗಡಿಯಾದಾಗ ನ್ಯುಮೊಕಾಕಸ್, ಹೀಮೋಫಿಲಸ್‌ನಂಥ ಬ್ಯಾಕ್ಟೀರಿಯಾಗಳು ಗಂಟಲಿನ ಹಿಂಭಾಗದಿಂದ ಯೂಸ್ಟೇಷಿಯನ್ ನಾಳದ ಮೂಲಕ ಅಲ್ಲಿಗೇರುತ್ತವೆ. ಮಕ್ಕಳಲ್ಲಿ ಆ ನಾಳ ಗಿಡ್ಡವಾಗಿದ್ದು ಹೆಚ್ಚು ಅಡ್ಡವಾಗಿರುವುದರಿಂದ ಸೋಂಕು ಸುಲಭ. ಕೀವಿನ ಒತ್ತಡಕ್ಕೆ ತಮಟೆ ಹರಿದು, ತೂತು ಮುಚ್ಚದೆ, ಸೋರಿಕೆ 2 ವಾರ ಮೀರಿತೆಂದರೆ, ಅಲ್ಲಿ ಹೆಚ್ಚಾಗಿ ಸ್ಯೂಡೋಮೊನಾಸ್, ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾಗಳು ನೆಲೆಯೂರಿ ಲೋಳೆಯಂಥ ಪದರ ಕಟ್ಟಿಕೊಂಡಿರುತ್ತವೆ. ಎಣ್ಣೆ ಅದನ್ನು ಭೇದಿಸದು. ತೂತಿನಿಂದ ಒಳಗಿಳಿದು ಇನ್ನಷ್ಟು ಕೆರಳಿಸೀತು. ಎಣ್ಣೆ ಕಾಯಿಸುವ ಅಜ್ಜಿಯ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಳಿಗ್ಗೆ ತಲೆದಿಂಬಿನ ಮೇಲೆ ನಾರುವ ಹಳದಿ ಕಲೆ ಕಂಡರೆ ಆ ಕಾಳಜಿ ಮಗುವನ್ನು ಕಿವಿ-ಮೂಗು-ಗಂಟಲು ತಜ್ಞರ ಬಳಿಗೆ ಒಯ್ಯಬೇಕು: ಕೀವನ್ನು ಒರೆಸಿ ಕಿವಿಯನ್ನು ಒಣಗಿಸಿಟ್ಟು, ವೈದ್ಯರು ಬರೆದ ಆ್ಯಂಟಿಬಯೋಟಿಕ್ ಹನಿ ಹಾಕುವುದೇ ಮೊದಲ ಚಿಕಿತ್ಸೆ, ತಡವಾದರೆ ಶ್ರವಣ ಕುಂದೀತು.