ವೆಂಟಿಲೇಟರ್ ಹಾಕಿದರೆ ಮುಗಿದೇ ಹೋಯಿತೇ?

‘ವೆಂಟಿಲೇಟರ್ ಹಾಕಿದವರು ವಾಪಸ್ ಬರುವುದಿಲ್ಲ, ಒಪ್ಪಬೇಡಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು. ಹೆದರಿ ಬೇಡವೆಂದರೆ ಬದುಕಬಹುದಾದವರನ್ನೂ ಕಳೆದುಕೊಳ್ಳುತ್ತೇವೆ. ಯಂತ್ರ ಕಾಯಿಲೆ ವಾಸಿ ಮಾಡುವುದಿಲ್ಲ, ನಿಜ. ಔಷಧ ಕೆಲಸ ಮಾಡುವವರೆಗೆ ಸೋತ ಶ್ವಾಸಕೋಶಕ್ಕೆ ಆಸರೆಯಾಗುತ್ತದೆ.

ಎಷ್ಟು ಗಾಳಿ ತುಂಬಬೇಕು ಎಂಬುದು ಮಾತ್ರ ಬಹಳ ಮುಖ್ಯ. ಶ್ವಾಸಕೋಶ ತೀವ್ರವಾಗಿ ಹಾಳಾಗಿದ್ದ 861 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಪ್ರತಿ ಉಸಿರಿಗೆ, ರೋಗಿಯ ಎತ್ತರದಿಂದ ಲೆಕ್ಕ ಹಾಕಿದ ತೂಕದ ಕಿಲೋಗೆ 12 ಮಿಲಿಲೀಟರ್ ಗಾಳಿ ಕೊಟ್ಟವರಲ್ಲಿ ಶೇ 39.8 ಮಂದಿ ತೀರಿಕೊಂಡರೆ, 6 ಮಿಲಿಲೀಟರ್ ಕೊಟ್ಟವರಲ್ಲಿ ಶೇ 31. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ, ಗಾಳಿ ಕಡಿಮೆ ಮಾಡಿದ್ದಷ್ಟೇ! ಐಸಿಯುನಲ್ಲಿ ನರ್ಸ್ ಟೇಪ್ ಹಿಡಿದು ರೋಗಿಯ ಉದ್ದ ಅಳೆಯುತ್ತಿದ್ದರೆ ಗಾಬರಿಯಾಗಬೇಡಿ. ಅದು ಈ ಲೆಕ್ಕಕ್ಕೇ.